ಒಂದು ಬಾಕ್ಸ್ ಟೊಮೆಟೊವನ್ನು ಮನೆಯಲ್ಲಿ ಕೆಡದಂತೆ ಇಡುವುದು ಹೇಗೆ?

ಬೆಣ್ಣೆನಗರಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಎಂಟು ಜನರ ಮನೆ. ಸಾರು, ಗೊಜ್ಜು, ಪಲ್ಯ, ಮಕ್ಕಳ ಡಬ್ಬಿಗೆ ಟೊಮೆಟೊ ಬಾತ್ ಎಂದು ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಟೊಮೆಟೊ ಬೇಕಾಗುತ್ತದೆ. ದರ ಇಳಿದಿದೆಯೆಂದು ನಮ್ಮ ಯಜಮಾನರು ಈಚೆಗೆ ಮಂಡಿಯಿಂದ 15 ಕಿಲೋದ ಒಂದು ಬಾಕ್ಸನ್ನೇ ತಂದರು. ಅದರಲ್ಲಿ ಅರ್ಧವನ್ನು ಫ್ರಿಜ್ಜಿನ ತಳದ ತರಕಾರಿ ಡಬ್ಬದಲ್ಲಿ ತುಂಬಿದೆ. ಉಳಿದರ್ಧವನ್ನು ಚೆನ್ನಾಗಿ ತೊಳೆದು, ಪ್ಲಾಸ್ಟಿಕ್ ಬುಟ್ಟಿಗೆ ಹಾಕಿ, ಒಲೆಯ ಪಕ್ಕದ ಕಿಟಕಿಯ ಕೆಳಗಿಟ್ಟೆ.

ಐದನೆಯ ದಿನಕ್ಕೆ ಬುಟ್ಟಿಯ ತಳದ ಹಣ್ಣುಗಳು ಒಡೆದು ನೀರು ಸೋರುತ್ತಿದ್ದವು; ಕೆಲವದರ ತೊಟ್ಟಿನ ಗುಳಿಯಲ್ಲಿ ಬಿಳಿ ಬೂಸ್ಟು ಕಟ್ಟಿತ್ತು. ಫ್ರಿಜ್ಜಿನಲ್ಲಿದ್ದವು ನೋಡಲು ಚೆನ್ನಾಗಿಯೇ ಇದ್ದರೂ, ಹೆಚ್ಚಿದರೆ ಹಿಟ್ಟುಹಿಟ್ಟಾಗಿ, ಸಾರಿಗೆ ಹಾಕಿದರೂ ಪರಿಮಳವಿಲ್ಲದಂತಾಗಿದ್ದವು. ಅಲ್ಲಿದ್ದ ಅರೆಹಸಿರು ಕಾಯಿಗಳಂತೂ ಕೆಂಪಾಗಲೇ ಇಲ್ಲ. ಹೊರಗೆ ತೆಗೆದಿಟ್ಟ ಮೇಲೆ ಅಲ್ಲಲ್ಲಿ ಪಟ್ಟೆಪಟ್ಟೆಯಾಗಿ ಬಣ್ಣ ತಿರುಗಿ, ಗುಳಿ ಬಿದ್ದು ಕೊಳೆತವು. ಒಟ್ಟು ಐದಾರು ಕಿಲೋ ಹಣ್ಣು ಎದುರುಮನೆಯ ಹಸುವಿನ ಪಾಲಾಯಿತು. ದುಡ್ಡು ಹೋದದ್ದಕ್ಕಿಂತ, ಬೆಳೆದವರ ಬೆವರು ಹೀಗೆ ಹಾಳಾಯಿತಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತಿದೆ.

ನಮ್ಮ ಅತ್ತೆಯವರು, ಮನೆಗೆ ಫ್ರಿಜ್ ಬರುವುದಕ್ಕೆ ಮೊದಲು ಮಂಚದ ಕೆಳಗೆ ಗೋಣಿಚೀಲ ಹಾಸಿ ಟೊಮೆಟೊ ಹರಡುತ್ತಿದ್ದೆವು, ಆಗ ಇಷ್ಟು ಕೆಡುತ್ತಿರಲಿಲ್ಲ ಎನ್ನುತ್ತಾರೆ. ಫ್ರಿಜ್ಜಿನಲ್ಲಿ ಇಡಬೇಕೋ, ಹೊರಗೆ ಇಡಬೇಕೋ? ತೊಳೆದದ್ದು ತಪ್ಪಾಯಿತೇ? ತಿಳಿದವರು ದಯವಿಟ್ಟು ಹೇಳಿರಿ.

ಕೆಂಪುಮಣ್ಣು (ಕೋಲಾರ):

ಅಕ್ಕ, ನಿಮ್ಮ ಅತ್ತೆಯವರು ಹೇಳಿದ್ದು ಸರಿ. ನಾವು ಎರಡೂವರೆ ಎಕರೆಯಲ್ಲಿ ಟೊಮೆಟೊ ಬೆಳೆಯುವವರು. ನಮ್ಮ ಮನೆಯಲ್ಲಿ ಇಂದಿಗೂ ಹಣ್ಣನ್ನು ನೆಲದ ಮೇಲೆ ಹರಡಿಯೇ ಇಡುತ್ತೇವೆ.

ಮೊದಲು ಒಂದು ವಿಷಯವನ್ನು ತಿಳಿಸಬೇಕು. ನೀವು ತಂದ ಬಾಕ್ಸಿನಲ್ಲಿ ಇರುವುದು ಒಂದೇ ವಯಸ್ಸಿನ ಹಣ್ಣಲ್ಲ. ದೂರದ ರಾಜ್ಯಗಳಿಗೆ ಲಾರಿಯಲ್ಲಿ ಹೋಗುವ ಮಾಲನ್ನು ನಾವು ಬಣ್ಣ ತಿರುಗುವ ಹೊತ್ತಿಗೇ, ಅಂದರೆ ತುದಿಯಲ್ಲಿ ಕೊಂಚ ಕೆಂಪು ಕಾಣಿಸಿಕೊಂಡಾಗಲೇ ಬಿಡಿಸುತ್ತೇವೆ. ಹತ್ತಿರದ ಮಾರುಕಟ್ಟೆಗೆ ಮುಕ್ಕಾಲು ಕೆಂಪಾದದ್ದನ್ನೂ ಪೂರ್ತಿ ಹಣ್ಣಾದದ್ದನ್ನೂ ಕಳಿಸುತ್ತೇವೆ. ಎರಡು ದಿನಕ್ಕೊಮ್ಮೆ ಬಿಡಿಸುವ ತೋಟದಲ್ಲಿ ಒಂದೇ ಗಿಡದಲ್ಲಿ ಮೂರು ಹದದ ಹಣ್ಣು ಇರುತ್ತದೆ. ಎಷ್ಟು ಆರಿಸಿದರೂ ಬಾಕ್ಸಿನಲ್ಲಿ ಅವು ಕೂಡಿಕೊಳ್ಳುತ್ತವೆ. ನೀವು ಆ ಮೂರನ್ನೂ ಒಂದೇ ರೀತಿ ಇಟ್ಟಿದ್ದರಿಂದಲೇ ಒಂದು ಕೊಳೆಯಿತು, ಇನ್ನೊಂದು ಹಣ್ಣಾಗಲಿಲ್ಲ.

ಬಾಕ್ಸ್ ಮನೆಗೆ ಬಂದ ದಿನವೇ ಅದನ್ನು ನೆಲದ ಮೇಲೆ ಸುರಿಯದೆ, ಕೈಯಿಂದ ಒಂದೊಂದಾಗಿ ತೆಗೆದು ಮೂರು ಪಾಲು ಮಾಡಿರಿ. ಒಡೆದದ್ದು, ಗಾಯವಾದದ್ದು, ಮೆತ್ತಗಾದದ್ದು ಅಂದೇ ಒಲೆಗೆ ಹೋಗಬೇಕು. ಪೂರ್ತಿ ಕೆಂಪಾದದ್ದು ಒಂದು ಪಾಲು, ದೋರೆಗಾಯಿ ಮತ್ತೊಂದು ಪಾಲು. ಗಾಳಿಯಾಡುವ ನೆರಳಿನ ಜಾಗದಲ್ಲಿ ಗೋಣಿಯನ್ನೋ ಹಳೆಯ ಹತ್ತಿ ಸೀರೆಯನ್ನೋ ಹಾಸಿ, ತೊಟ್ಟು ಇದ್ದ ಭಾಗ ಕೆಳಮುಖವಾಗುವಂತೆ, ಒಂದರ ಮೇಲೊಂದು ಬೀಳದಂತೆ ಸಾಲಾಗಿ ಇಡಿರಿ. ಒಣಗಿದ ತೊಟ್ಟು ಹಣ್ಣಿಗೆ ಅಂಟಿಕೊಂಡಿದ್ದರೆ ಅದು ಪಕ್ಕದ ಹಣ್ಣಿನ ಸಿಪ್ಪೆಯನ್ನು ಚುಚ್ಚುತ್ತದೆ. ಆದ್ದರಿಂದ ಮೆಲ್ಲಗೆ ತಿರುಗಿಸಿ ತೆಗೆಯಿರಿ. ತೊಳೆಯುವುದು ಬೇಡ. ದಿನಕ್ಕೊಮ್ಮೆ ಕಣ್ಣು ಹಾಯಿಸಿ, ಕೆಟ್ಟದ್ದು ಒಂದಿದ್ದರೂ ಎತ್ತಿಬಿಡಿ, ಏಕೆಂದರೆ ಅದರ ನೀರು ತಾಗಿದ ಹಣ್ಣುಗಳೆಲ್ಲ ಅದೇ ದಾರಿ ಹಿಡಿಯುತ್ತವೆ.

ತಳಿಯೂ ಮುಖ್ಯ. ನಾಟಿ ಹಣ್ಣಿನ ಸಿಪ್ಪೆ ತೆಳು, ರಸ ಹೆಚ್ಚು, ಹುಳಿಯೂ ಚೆನ್ನ; ಆದರೆ ಹಣ್ಣಾದ ಮೇಲೆ ನಾಲ್ಕೈದು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್‌ನಂತಹ ಗಟ್ಟಿ ಹಣ್ಣು ಎರಡು ವಾರ ದಾಟಿಯೂ ಇರುತ್ತದೆ. ಸಾರಿಗೆ ನಾಟಿಯನ್ನು ಎರಡು ದಿನಕ್ಕೆ ಬೇಕಾದಷ್ಟೇ ಕೊಂಡು, ಇಟ್ಟುಕೊಳ್ಳುವುದಕ್ಕೆ ಗಟ್ಟಿ ತಳಿಯನ್ನು ಕೊಳ್ಳುವುದು ಮೇಲು.

2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕಿಲೋದ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಬಾಕ್ಸ್ ಬಿಡಿಸುವ ಕೂಲಿಗೂ ಸಾಲದ ಬೆಲೆಗೆ ಬಿದ್ದು, ಹಣ್ಣನ್ನು ರಸ್ತೆಯ ಬದಿಗೆ ಸುರಿದ ದಿನಗಳನ್ನೂ ನಾವು ಕಂಡಿದ್ದೇವೆ. ಬೆಲೆ ಬಿದ್ದಾಗ ಕೊಂಡವರು ಅದನ್ನು ಕೆಡಿಸದೆ ಉಣ್ಣುತ್ತಾರೆಂದರೆ ನಮಗೆ ಅದಕ್ಕಿಂತ ಸಮಾಧಾನ ಬೇರೆ ಇಲ್ಲ.

ಹಳೆಯ ಮೇಷ್ಟ್ರು (ಧಾರವಾಡ):

ತೋಟಗಾರಿಕೆಯ ಪಾಠ ಹೇಳಿ ನಿವೃತ್ತನಾದವನು ನಾನು. ಕೋಲಾರದ ಸ್ನೇಹಿತರು ಅನುಭವದಿಂದ ಹೇಳಿದ್ದಕ್ಕೆ ಕಾರಣಗಳನ್ನು ಜೋಡಿಸುತ್ತೇನೆ.

ಗಿಡದಿಂದ ಕಿತ್ತ ಮೇಲೂ ಟೊಮೆಟೊ ಉಸಿರಾಡುತ್ತಲೇ ಇರುತ್ತದೆ, ಮಾಗುತ್ತಲೇ ಇರುತ್ತದೆ. ಬಾಳೆ, ಮಾವುಗಳಂತೆ ಇದೂ ಎಥಿಲೀನ್ ಎಂಬ ಅನಿಲವನ್ನು ತಾನೇ ಹೊರಸೂಸಿ, ಆ ಅನಿಲದಿಂದಲೇ ಇನ್ನಷ್ಟು ಬೇಗ ಹಣ್ಣಾಗುವ ಜಾತಿಗೆ ಸೇರಿದ್ದು. ಆದ್ದರಿಂದ ಪೂರ್ತಿ ಮಾಗಿದ ಹಣ್ಣಿನ ನಡುವೆ ದೋರೆಗಾಯಿಯನ್ನು ಇಟ್ಟರೆ ಅದೂ ಅವಸರದಲ್ಲಿ ಹಣ್ಣಾಗುತ್ತದೆ. ಬೇಗ ಹಣ್ಣಾಗಬೇಕಿದ್ದರೆ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಇಡಿ; ಬೇಡವಾದರೆ ದೂರವಿಡಿ. ಸೌತೆಕಾಯಿಯನ್ನೂ ಸೊಪ್ಪನ್ನೂ ಟೊಮೆಟೊದ ಪಕ್ಕದಲ್ಲಿ ಇಡಬಾರದು, ಅವು ಹಳದಿಯಾಗುತ್ತವೆ.

ಟೊಮೆಟೊದ ನುಣುಪು ಸಿಪ್ಪೆಯಲ್ಲಿ ಎಲೆಗಳಲ್ಲಿರುವಂತಹ ಉಸಿರುರಂಧ್ರಗಳಿಲ್ಲ. ಅದರೊಳಗಿನ ನೀರು ಹೊರಹೋಗುವುದೂ ಗಾಳಿ ಒಳಬರುವುದೂ ಬಹುಮಟ್ಟಿಗೆ ತೊಟ್ಟು ಕಿತ್ತ ಗಾಯದ ಮೂಲಕ. ಬೂಸ್ಟಿನ ಬೀಜಾಣುಗಳಿಗೂ ಅದೇ ಬಾಗಿಲು. ತೊಟ್ಟಿನ ಭಾಗವನ್ನು ಕೆಳಗೆ ಮಾಡಿ ಇಡುವುದು ಆ ಬಾಗಿಲನ್ನು ಮುಚ್ಚಿಟ್ಟಂತೆ. ಬೆಣ್ಣೆನಗರಿಯವರು ತೊಳೆದಾಗ ಆ ಗುಳಿಯಲ್ಲಿ ನಿಂತ ನೀರು, ಎಷ್ಟು ಒರೆಸಿದರೂ ಆರಿರಲಿಕ್ಕಿಲ್ಲ. ಅಲ್ಲಿಯೇ ಬೂಸ್ಟು ಬಂದಿದೆ. ಬಳಸುವ ಮುನ್ನ ತೊಳೆಯುವಾಗಲೂ ಒಂದು ಎಚ್ಚರಿಕೆ ಬೇಕು: ಬಿಸಿಯಾಗಿರುವ ಹಣ್ಣನ್ನು ತಣ್ಣೀರಿನಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಕುಗ್ಗಿ, ಆ ಗಾಯದ ಮೂಲಕ ಹೊರಗಿನ ನೀರನ್ನು ಕೊಳೆಯ ಸಮೇತ ಒಳಗೆಳೆದುಕೊಳ್ಳುತ್ತದೆ. ಹಣ್ಣಿಗಿಂತ ಸ್ವಲ್ಪ ಬೆಚ್ಚಗಿರುವ, ಹರಿಯುವ ನೀರಿನಲ್ಲಿ ತೊಳೆಯುವುದು ಸರಿಯಾದ ಕ್ರಮ.

ಇನ್ನು ಫ್ರಿಜ್ಜಿನ ಮಾತು. ಟೊಮೆಟೊ ದಕ್ಷಿಣ ಅಮೆರಿಕದ ಬೆಚ್ಚನೆಯ ಸೀಮೆಯಿಂದ ಬಂದ ಗಿಡ. ಚಳಿ ಅದಕ್ಕೆ ಆಗದು. ಬಲಿತ ಹಸಿರು ಕಾಯಿಯನ್ನು ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಲವು ದಿನ ಇಟ್ಟರೆ ಶೀತದ ಪೆಟ್ಟು ಬೀಳುತ್ತದೆ: ಬಣ್ಣ ಸಮನಾಗಿ ಬರುವುದಿಲ್ಲ, ಗುಳಿ ಬೀಳುತ್ತದೆ, ಹೊರಗೆ ತೆಗೆದೊಡನೆ ಕೊಳೆ ಹತ್ತುತ್ತದೆ. ನಿಮ್ಮ ಕಾಯಿಗಳಿಗೆ ಆದದ್ದು ಅಕ್ಷರಶಃ ಇದೇ. ಮನೆಯ ಫ್ರಿಜ್ಜಿನ ಒಳಗೆ 4-5 ಡಿಗ್ರಿ ಇರುತ್ತದೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಗಿದ ಹಣ್ಣನ್ನು 5 ಡಿಗ್ರಿಯಲ್ಲಿ ಏಳು ದಿನ ಇಟ್ಟಾಗ, ಸಿಹಿ-ಹುಳಿಗಳು ಹೆಚ್ಚು ಬದಲಾಗದಿದ್ದರೂ, ಪರಿಮಳದ ಅಂಶಗಳನ್ನು ತಯಾರಿಸುವ ಜೀನುಗಳ ಕೆಲಸ ಕುಗ್ಗಿದ್ದು ಕಂಡುಬಂದಿತ್ತು. ಹಣ್ಣನ್ನು ಮತ್ತೆ ಕೋಣೆಯ ಶಾಖಕ್ಕೆ ತಂದರೂ ಆ ಪರಿಮಳ ಪೂರ್ತಿಯಾಗಿ ಮರಳಲಿಲ್ಲ. ಒಂದೆರಡು ದಿನವಷ್ಟೇ ತಣ್ಣಗಿದ್ದ ಹಣ್ಣಿಗೆ ಅಷ್ಟು ನಷ್ಟವಿಲ್ಲ.

ಹಾಗೆಂದು ಸೆಕೆಯೂ ಒಳ್ಳೆಯದಲ್ಲ. 30 ಡಿಗ್ರಿ ಮೀರಿದರೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ತಯಾರಾಗುವುದು ನಿಲ್ಲುತ್ತದೆ. ಹಣ್ಣು ಹಳದಿ ಕಿತ್ತಳೆಯಾಗಿಯೇ ಮೆತ್ತಗಾಗುತ್ತದೆ. ಒಲೆಯ ಪಕ್ಕದ ಕಿಟಕಿ ಟೊಮೆಟೊಗೆ ತಕ್ಕ ಜಾಗವಲ್ಲ. ಅತ್ತೆಯವರ ಮಂಚದ ಕೆಳಗಿನ ನೆಲ ತಂಪು, ಕತ್ತಲು, ಗಾಳಿ ಮೂರನ್ನೂ ಕೊಡುತ್ತಿತ್ತು.

ಮೂರನೇ ಮಹಡಿ (ಬೆಂಗಳೂರು):

ಮೇಷ್ಟ್ರೇ, ತಮ್ಮ ಮಾತನ್ನು ಗೌರವದಿಂದಲೇ ಒಪ್ಪದಿರಲು ಅನುಮತಿ ಬೇಡುತ್ತೇನೆ. ನಾನೂ ನನ್ನ ಪತಿಯೂ ಕೆಲಸಕ್ಕೆ ಹೋಗುವವರು. ಭಾನುವಾರ ಎರಡು ಕಿಲೋ ಟೊಮೆಟೊ ತಂದು ಫ್ರಿಜ್ಜಿನಲ್ಲಿ ಇಡುತ್ತೇನೆ, ಮುಂದಿನ ಭಾನುವಾರದವರೆಗೆ ಒಂದೂ ಕೆಡುವುದಿಲ್ಲ. ನೆಲದ ಮೇಲೆ ಹರಡಲು ನಮ್ಮ ಮನೆಯಲ್ಲಿ ಜಾಗವೇ ಇಲ್ಲ. ಹೊರಗಿಟ್ಟರೆ ನುಸಿ ಮುತ್ತುತ್ತದೆ. ಹುಳಿಗೆ, ಸಾರಿಗೆ ಬೇಯಿಸಿದ ಮೇಲೆ ವ್ಯತ್ಯಾಸ ನನಗಂತೂ ತಿಳಿಯದು. ಪರಿಮಳಕ್ಕಾಗಿ ಹೊರಗಿಟ್ಟು ಅರ್ಧ ಎಸೆಯುವುದಕ್ಕಿಂತ, ಪರಿಮಳ ಸ್ವಲ್ಪ ಕಡಿಮೆಯಾದರೂ ಪೂರ್ತಿ ಉಣ್ಣುವುದು ಲೇಸಲ್ಲವೇ?

ಹಳೆಯ ಮೇಷ್ಟ್ರು (ಧಾರವಾಡ):

ತಂಗಿ, ನಿಮ್ಮ ಮಾತಿನಲ್ಲಿ ಹುರುಳಿದೆ, ನಾನು ಇನ್ನೂ ಸ್ಪಷ್ಟವಾಗಿ ಬರೆಯಬೇಕಿತ್ತು. ನಾನು ಬೇಡವೆಂದದ್ದು ಮುಖ್ಯವಾಗಿ ಕಾಯಿಯನ್ನು ಫ್ರಿಜ್ಜಿಗೆ ಹಾಕುವುದನ್ನು. ಪೂರ್ತಿ ಕೆಂಪಾದ ಹಣ್ಣು ಚಳಿಯನ್ನು ಬಹಳಷ್ಟು ತಾಳುತ್ತದೆ. ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯದವರು 2020ರಲ್ಲಿ, ಮಾಗಿದ ಹಣ್ಣನ್ನು ನಾಲ್ಕು ದಿನ 7 ಡಿಗ್ರಿಯ ಫ್ರಿಜ್ಜಿನಲ್ಲೂ 20 ಡಿಗ್ರಿಯ ಕೋಣೆಯಲ್ಲೂ ಇಟ್ಟು ರುಚಿ ನೋಡಿಸಿದಾಗ, ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲವೆಂದು ವರದಿ ಮಾಡಿದ್ದಾರೆ. 7 ಡಿಗ್ರಿಗೂ 5 ಡಿಗ್ರಿಗೂ, ನಾಲ್ಕು ದಿನಕ್ಕೂ ಏಳು ದಿನಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು.

ಆದ್ದರಿಂದ ನಿಮ್ಮ ಮನೆಗೆ ನನ್ನ ಸಲಹೆ ಹೀಗಿದೆ. ತಂದ ಹಣ್ಣಿನಲ್ಲಿ ದೋರೆಗಾಯಿ ಇದ್ದರೆ ಅದನ್ನು ಒಂದು ತಟ್ಟೆಯಲ್ಲಿ ಹೊರಗಿಟ್ಟು, ಕೆಂಪಾದ ದಿನ ಫ್ರಿಜ್ಜಿಗೆ ಹಾಕಿರಿ. ಫ್ರಿಜ್ಜಿನ ಒಳಗೆ ಎಲ್ಲೆಡೆ ಒಂದೇ ಚಳಿ ಇರುವುದಿಲ್ಲ. ಬಾಗಿಲಿನ ಕಡೆ ಉಳಿದ ಭಾಗಕ್ಕಿಂತ ಕೊಂಚ ಬೆಚ್ಚಗಿರುತ್ತದೆ, ಅಲ್ಲಿಡಿ. ಹಸಿಯಾಗಿ ಕೋಸಂಬರಿಗೆ ಬೇಕಾದ ಹಣ್ಣನ್ನು ಒಂದೆರಡು ಗಂಟೆ ಮೊದಲೇ ಹೊರಗೆ ತೆಗೆಯಿರಿ. ಹೆಚ್ಚಿದ ಟೊಮೆಟೊಗೆ ಮಾತ್ರ ಈ ವಾದ ಯಾವುದೂ ಅನ್ವಯಿಸದು: ಅದನ್ನು ಮುಚ್ಚಿ ಫ್ರಿಜ್ಜಿನಲ್ಲೇ ಇಡಬೇಕು, ಎರಡು ಗಂಟೆಗಿಂತ ಹೊರಗೆ ಬಿಡಬಾರದು.

ಎಡೆದೊರೆ (ರಾಯಚೂರು):

ನೆರಳಿನ ನೆಲ ತಂಪು ಎಂಬ ಮಾತು ನಮ್ಮ ಊರಿಗೆ ಏಪ್ರಿಲ್-ಮೇ ತಿಂಗಳಲ್ಲಿ ಒಪ್ಪುವುದಿಲ್ಲ. ಹೊರಗೆ 40 ಡಿಗ್ರಿ ದಾಟಿದಾಗ ಮನೆಯೊಳಗಿನ ನೆಲವೂ ಕಾದಿರುತ್ತದೆ, ಕರೆಂಟು ಹೋದರೆ ಫ್ರಿಜ್ಜೂ ಇಲ್ಲ. ನಾವು ಮಾಡುವುದನ್ನು ಹೇಳುತ್ತೇನೆ.

ಅಗಲ ಬಾಯಿಯ ದೊಡ್ಡ ಮಣ್ಣಿನ ಮಡಕೆಯೊಂದರ ಒಳಗೆ ಸಣ್ಣ ಮಡಕೆಯೊಂದನ್ನು ಇಟ್ಟು, ಎರಡರ ನಡುವಿನ ಸಂದಿಗೆ ಮರಳು ತುಂಬಿ, ಬೆಳಿಗ್ಗೆ ಮತ್ತು ಸಂಜೆ ಆ ಮರಳನ್ನು ನೀರಿನಿಂದ ತೋಯಿಸುತ್ತೇವೆ. ಒಳಮಡಕೆಯಲ್ಲಿ ಟೊಮೆಟೊ ಇಟ್ಟು ಒದ್ದೆ ಗೋಣಿಯಿಂದ ಬಾಯಿ ಮುಚ್ಚುತ್ತೇವೆ. ಮಡಕೆಯ ಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಂಡು ಹೋಗುವುದರಿಂದ ಒಳಗೆ ತಂಪಾಗುತ್ತದೆ. ಕುಡಿಯುವ ನೀರಿನ ಮಡಕೆಯದೂ ಇದೇ ಕೆಲಸ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಇದೇ ತತ್ವದ ಮೇಲೆ, ಎರಡು ಸಾಲು ಇಟ್ಟಿಗೆಯ ಗೋಡೆ ಕಟ್ಟಿ ನಡುವೆ ಮರಳು ತುಂಬುವ, ವಿದ್ಯುತ್ ಬೇಡದ ಶೀತಕೋಣೆಯನ್ನು ರೂಪಿಸಿದ್ದಾರೆ. ಹಿತ್ತಲಲ್ಲಿ ಜಾಗ, ನೀರು ಇದ್ದವರು ಅದನ್ನು ಒಂದೇ ದಿನದಲ್ಲಿ ಕಟ್ಟಿಕೊಳ್ಳಬಹುದು. ನಮ್ಮ ಮಡಕೆಯಲ್ಲಿ ಬಿರುಬೇಸಿಗೆಯಲ್ಲೂ ಗಟ್ಟಿ ಹಣ್ಣು ಒಂದು ವಾರ ಸುಕ್ಕುಗಟ್ಟದೆ ಉಳಿದಿದೆ. ಒಳಮಡಕೆಗೆ ನೀರು ಇಳಿಯದಂತೆ ನೋಡಿಕೊಳ್ಳಬೇಕು, ಎರಡು ಪದರಕ್ಕಿಂತ ಹೆಚ್ಚು ತುಂಬಬಾರದು.

ಕಡಲತಡಿ (ಮಂಗಳೂರು):

ಎಡೆದೊರೆಯವರ ಮಡಕೆಯನ್ನು ನಾನು ಮಳೆಗಾಲದಲ್ಲಿ ಮಾಡಿ ನೋಡಿ ನಾಲ್ಕೇ ದಿನದಲ್ಲಿ ಎಲ್ಲ ಹಣ್ಣಿಗೂ ಬೂಸ್ಟು ಬರಿಸಿಕೊಂಡಿದ್ದೇನೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ; ನೀರು ಆವಿಯಾಗುವುದೇ ಇಲ್ಲವಾದ್ದರಿಂದ ತಂಪೂ ಆಗದು, ತೇವ ಮಾತ್ರ ಉಳಿಯುತ್ತದೆ. ಒಣ ಹವೆಯ ಊರಿನ ಉಪಾಯ ಕರಾವಳಿಗೆ ಹೊಂದುವುದಿಲ್ಲ. ಈಗ ನಾನು ಮಳೆಗಾಲದಲ್ಲಿ ಮೂರು ದಿನಕ್ಕೆ ಬೇಕಾದಷ್ಟೇ ಕೊಂಡು, ಬೆತ್ತದ ತಟ್ಟೆಯಲ್ಲಿ ಕಾಗದ ಹಾಸಿ, ಕಾಗದವನ್ನು ದಿನವೂ ಬದಲಿಸುತ್ತೇನೆ. ಕೆಂಪಾದೊಡನೆ ಫ್ರಿಜ್ಜಿಗೆ ಹಾಕುತ್ತೇನೆ.

ಹಿಮದೂರು (ಮಿಷಿಗನ್):

ನನ್ನ ಸಮಸ್ಯೆ ನಿಮ್ಮೆಲ್ಲರದಕ್ಕೆ ತಿರುವುಮುರುವು. ಹಿತ್ತಲಲ್ಲಿ ಹತ್ತು ಗಿಡ ಹಾಕಿದ್ದೇನೆ, ಆದರೆ ಅಕ್ಟೋಬರ್ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟುವ ರಾತ್ರಿ ಬಂದೇಬರುತ್ತದೆ, ಆ ಒಂದೇ ರಾತ್ರಿಯಲ್ಲಿ ಗಿಡವೆಲ್ಲ ಕರಕಲಾಗುತ್ತದೆ. ಅದಕ್ಕೆ ಮುಂಚೆ ಗಿಡದಲ್ಲಿರುವ ಕಾಯಿಯನ್ನೆಲ್ಲ ಕೀಳಲೇಬೇಕು.

ಬಲಿತ ಕಾಯಿ ಒಳಗಿಟ್ಟರೂ ಹಣ್ಣಾಗುತ್ತದೆ, ಎಳೆಯದು ಎಷ್ಟು ದಿನವಾದರೂ ಆಗದು. ಗುರುತಿಸಲು ಒಂದು ಕಾಯಿಯನ್ನು ಅಡ್ಡಲಾಗಿ ಕೊಯ್ಯಿರಿ: ಬೀಜದ ಸುತ್ತ ಲೋಳೆ ತುಂಬಿ, ಬೀಜವು ಚಾಕುವಿಗೆ ಸಿಗದೆ ಜಾರಿದರೆ ಅದೇ ಗಾತ್ರದ ಉಳಿದವು ಬಲಿತಿವೆಯೆಂದು ತಿಳಿಯಬಹುದು; ಬೀಜ ಕತ್ತರಿಸಿದರೆ ಅವು ಚಟ್ನಿಗೇ ಸೈ. ಉತ್ತರ ಕರ್ನಾಟಕದವರಿಗೆ ಕಾಯಿ ಟೊಮೆಟೊ ಚಟ್ನಿಯ ರುಚಿಯನ್ನು ನಾನು ಹೇಳಬೇಕಿಲ್ಲ. ಇಲ್ಲಿ ಶೇಂಗಾ, ಹಸಿಮೆಣಸಿನಕಾಯಿ ಹುರಿದು ಅದನ್ನು ಅರೆಯುವ ದಿನ ಮನೆಯೆಲ್ಲ ವಿಜಯಪುರವಾಗುತ್ತದೆ. ಬಲಿತ ಕಾಯಿಯನ್ನು ಒಂದೊಂದಾಗಿ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಒಂದೇ ಪದರವಾಗಿಟ್ಟು, 15 ಡಿಗ್ರಿಯ ಆಸುಪಾಸಿನ ನೆಲಮಾಳಿಗೆಯಲ್ಲಿ ಇಡುತ್ತೇನೆ. ಮೂರು ನಾಲ್ಕು ವಾರಗಳಲ್ಲಿ ಸರದಿಯಂತೆ ಹಣ್ಣಾಗುತ್ತವೆ. ಹಾಳೆ ಸುತ್ತುವುದರಿಂದ ಒಂದು ಕೊಳೆತರೂ ಪಕ್ಕದ್ದಕ್ಕೆ ತಾಗುವುದಿಲ್ಲ. ಗಿಡದಲ್ಲೇ ಹಣ್ಣಾದದ್ದರ ರುಚಿ ಇವಕ್ಕೆ ಬರುವುದಿಲ್ಲ, ಆದರೆ ದೀಪಾವಳಿಯ ಅಡುಗೆಗೆ ಮನೆಯ ಟೊಮೆಟೊ ಸಿಗುತ್ತದೆ.

ಮೂರನೇ ಮಹಡಿ (ಬೆಂಗಳೂರು):

ಒಂದು ಬಾಕ್ಸ್ ಪೂರ್ತಿ ಹಸಿಯಾಗಿಯೇ ಇಡುವ ಬದಲು, ಅರ್ಧವನ್ನು ಬೇಯಿಸಿ, ಗಾಜಿನ ಬಾಟಲಿಗೆ ತುಂಬಿ, ಮೇಲೆ ಎಣ್ಣೆ ಸುರಿದು, ಬಿಗಿಯಾಗಿ ಮುಚ್ಚಳ ಹಾಕಿ ಕಪಾಟಿನಲ್ಲಿ ಇಡಬಹುದಲ್ಲವೇ? ವಿಡಿಯೊ ಒಂದರಲ್ಲಿ ಹಾಗೆ ತೋರಿಸಿದ್ದರು.

ಹಳೆಯ ಮೇಷ್ಟ್ರು (ಧಾರವಾಡ):

ದಯವಿಟ್ಟು ಹಾಗೆ ಮಾಡಬೇಡಿ. ಇದು ರುಚಿಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಟೊಮೆಟೊ ಹುಳಿಯೆಂದು ನಾವು ಭಾವಿಸುತ್ತೇವೆ, ಆದರೆ ಅದರ ಪಿಎಚ್ (ಹುಳಿಯ ಅಳತೆ; ಅಂಕಿ ಏರಿದಷ್ಟೂ ಹುಳಿ ಕಡಿಮೆ) ಸಾಮಾನ್ಯವಾಗಿ 4.3ರಿಂದ 4.9ರ ನಡುವೆ ಇರುತ್ತದೆ. 4.6ಕ್ಕಿಂತ ಮೇಲಾದರೆ, ಗಾಳಿಯಿಲ್ಲದ ಬಾಟಲಿಯೊಳಗೆ ಬಾಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷವನ್ನುಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಅದರ ಬೀಜಾಣು ಸಾಧಾರಣ ಕುದಿತಕ್ಕೆ ಸಾಯುವುದಿಲ್ಲ. ಮೇಲೆ ಸುರಿದ ಎಣ್ಣೆ ಗಾಳಿಯನ್ನು ತಡೆದು ಅದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಬಾಟಲಿಯಲ್ಲಿ ಇಡುವ ಪದ್ಧತಿಯಲ್ಲಿ ಅರ್ಧ ಲೀಟರಿಗೆ ಒಂದು ದೊಡ್ಡ ಚಮಚ, ಅಂಗಡಿಯಲ್ಲಿ ಸಿಗುವ ಬಾಟಲಿಯ ನಿಂಬೆರಸವನ್ನೋ ಕಾಲು ಸಣ್ಣ ಚಮಚ ಸಿಟ್ರಿಕ್ ಆಮ್ಲವನ್ನೋ ಸೇರಿಸಿ, ಮುಚ್ಚಿದ ಬಾಟಲಿಯನ್ನು ಕುದಿಯುವ ನೀರಿನಲ್ಲಿ ನಿಗದಿತ ಹೊತ್ತು ಮುಳುಗಿಸಿಡಬೇಕು. ಆ ಕ್ರಮವನ್ನು ಸರಿಯಾಗಿ ಕಲಿಯದೆ ಕಪಾಟಿನಲ್ಲಿ ಇಡಬಾರದು.

ಸುಲಭವಾದ, ಭಯವಿಲ್ಲದ ದಾರಿ ಫ್ರೀಜರ್. ಹಣ್ಣನ್ನು ತೊಳೆದು, ಪೂರ್ತಿ ಒರೆಸಿ, ಇಡಿಯಾಗಿಯೇ ಚೀಲದಲ್ಲಿ ಹಾಕಿ ಹೆಪ್ಪುಗಟ್ಟಿಸಿರಿ. ಬೇಕಾದಾಗ ನಲ್ಲಿಯ ನೀರಿಗೆ ಹಿಡಿದರೆ ಸಿಪ್ಪೆ ತಾನಾಗಿ ಜಾರುತ್ತದೆ. ಕರಗಿದ ಹಣ್ಣು ಮೆತ್ತಗಾಗುವುದರಿಂದ ಕೋಸಂಬರಿಗೆ ಬಾರದು, ಸಾರಿಗೆ ಯಾವ ಕುಂದೂ ಇಲ್ಲ.

ಬೆಣ್ಣೆನಗರಿ (ದಾವಣಗೆರೆ):

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ನೀವೆಲ್ಲ ಬರೆದದ್ದನ್ನು ಅತ್ತೆಯವರಿಗೆ ಓದಿ ಹೇಳಿದೆ. ಮತ್ತೊಂದು ಬಾಕ್ಸ್ ತರಿಸಿ, ಅವರೇ ಮುಂದೆ ಕುಳಿತು ಆರಿಸಿದರು. ಎರಡು ಕಿಲೋದಷ್ಟು ಗಾಯವಾದ ಹಣ್ಣು ಅಂದೇ ತೊಕ್ಕಾಯಿತು. ಐದು ಕಿಲೋ ಕೆಂಪು ಹಣ್ಣು, ಉಳಿದ ಎಂಟು ಕಿಲೋ ದೋರೆಗಾಯಿ. ಕೆಂಪನ್ನು ಮೊದಲು ಬಳಸಿದೆವು. ಅದರಲ್ಲಿ ಎರಡು ಕಿಲೋವನ್ನು ಮೂರನೆಯ ದಿನ ಫ್ರೀಜರಿಗೆ ಹಾಕಿದೆ. ದೋರೆಗಾಯಿಯನ್ನು ದೇವರಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಗೋಣಿಯ ಮೇಲೆ ತೊಟ್ಟು ಕೆಳಗಾಗಿ ಹರಡಿದೆವು. ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆಯವರು ಹೋಗಿ ಕೆಂಪಾದದ್ದನ್ನು ಎತ್ತಿ ತಂದು ಅಡುಗೆಮನೆಯ ತಟ್ಟೆಯಲ್ಲಿ ಇಡುತ್ತಿದ್ದರು. ಹದಿನಾಲ್ಕನೆಯ ದಿನ ಕೊನೆಯ ಹಣ್ಣುಗಳು ಸಾರಿಗೆ ಬಂದವು. ಒಟ್ಟಿನಲ್ಲಿ ಕೆಟ್ಟದ್ದು ಏಳು ಹಣ್ಣು, ನಾನು ಎಣಿಸಿಟ್ಟಿದ್ದೇನೆ.

ಕೋಲಾರದ ತಮ್ಮನವರಲ್ಲಿ ಇನ್ನೊಂದು ಪ್ರಶ್ನೆ. ಮಂಡಿಯಲ್ಲಿ ಕೊಳ್ಳುವಾಗಲೇ ಹೆಚ್ಚು ದಿನ ಬರುವ ಬಾಕ್ಸನ್ನು ಗುರುತಿಸುವುದು ಹೇಗೆ?

ಕೆಂಪುಮಣ್ಣು (ಕೋಲಾರ):

ಏಳೇ ಹಣ್ಣು ಎಂದು ಓದಿ ಬಹಳ ಸಂತೋಷವಾಯಿತು ಅಕ್ಕ, ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿರಿ. ಬಾಕ್ಸಿನ ಮೇಲಿನ ಸಾಲನ್ನು ನೋಡಿ ಕೊಳ್ಳಬೇಡಿ, ಮೇಲೆ ಎಲ್ಲರೂ ಚೆನ್ನಾದದ್ದನ್ನೇ ಜೋಡಿಸುತ್ತಾರೆ. ಬದಿಯಿಂದ ಕೈ ಇಳಿಸಿ ನಡುವಿನ ನಾಲ್ಕು ಹಣ್ಣನ್ನು ತೆಗೆದು ನೋಡಿರಿ. ಹಣ್ಣು ಒದ್ದೆಯಾಗಿದ್ದರೆ ಮಳೆಯಲ್ಲಿ ಬಿಡಿಸಿದ್ದು, ಅದು ಇಡುವುದಕ್ಕೆ ಬಾರದು. ತೊಟ್ಟಿನ ಸುತ್ತ ಸೀಳಿದ್ದರೆ ಒಣಭೂಮಿಗೆ ಒಮ್ಮೆಲೇ ನೀರು ಬಿದ್ದಿದೆಯೆಂದು ಅರ್ಥ. ಆ ಸೀಳಿನಿಂದಲೇ ಕೊಳೆ ಶುರುವಾಗುತ್ತದೆ. ಅರ್ಧಕ್ಕಿಂತ ಹೆಚ್ಚು ದೋರೆಗಾಯಿ ಇರುವ ಬಾಕ್ಸನ್ನೇ ಕೇಳಿ ಪಡೆಯಿರಿ, ಬೆಳಗಿನ ಹರಾಜಿನ ಮಾಲನ್ನೇ ಕೊಂಡು ಬಿಸಿಲೇರುವ ಮುಂಚೆ ಮನೆ ಸೇರಿಸಿರಿ.